ಔಷಧಿ ಚೀಟಿಯ ಹಿಂದು ಮುಂದು

ಎಂವಿಪಿ ಕಾಲೋನಿಯಲ್ಲಿರುವ ನಮ್ಮವರ ಮನೆಗಳಿಗೆ ಹೋದರೆ ಒಂದು ವಸ್ತು ಮಾತ್ರ ತಪ್ಪದೆ ಕಣ್ಣಿಗೆ ಬೀಳುತ್ತದೆ. ಅದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ. ಒಳಗೆ ಬಿಸ್ಕತ್ತು ಇರುವುದಿಲ್ಲ. ಅರ್ಧ ಖರ್ಚಾದ ಮಾತ್ರೆಯ ಪಟ್ಟಿಗಳು, ರಬ್ಬರ್ ಬ್ಯಾಂಡು ಹಾಕಿದ ಚೀಟಿಗಳು, ಔಷಧಿ ಅಂಗಡಿಯ ಬಿಲ್ಲುಗಳು ಇರುತ್ತವೆ. ಕೆಲವು ಚೀಟಿಗಳು ವಿಶಾಖಪಟ್ಟಣದವು. ಕೆಲವು ಹುಬ್ಬಳ್ಳಿಯವು, ಶಿವಮೊಗ್ಗೆಯವು, ಉಡುಪಿಯವು. ಮಡಿಕೆಯ ಗೆರೆಗಳಲ್ಲಿ ಹರಿದು, ಅಂಟಿನ ಟೇಪಿನಿಂದ ಬದುಕಿಕೊಂಡಿರುವ ಚೀಟಿಗಳೂ ಉಂಟು. ಮನೆಯ ಜಮೀನಿನ ಪತ್ರಕ್ಕೂ ನಾವು ಇಷ್ಟು ಟೇಪು ಹಚ್ಚಿರಲಾರೆವು.

ಅಂಥ ಒಂದು ಡಬ್ಬದ ಕಥೆಯಿಂದಲೇ ಈ ಲೇಖನಕ್ಕೆ ಪ್ರೇರಣೆ ಒದಗಿತು. ನಮ್ಮ ಬಳಗದ ಒಬ್ಬರ ತಾಯಿ, ಎಪ್ಪತ್ತು ದಾಟಿದವರು, ದಾವಣಗೆರೆಯ ಕಡೆಯಿಂದ ಮಗನ ಮನೆಗೆ ಬಂದರು. ರಕ್ತದೊತ್ತಡಕ್ಕೆ ಊರಿನ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಕೆಮ್ಮೆಂದು ಇಲ್ಲಿನ ಡಾಕ್ಟರ ಬಳಿಗೆ ಹೋದಾಗ ಅವರು ಒತ್ತಡ ನೋಡಿ, ತಾವೂ ಒಂದು ಮಾತ್ರೆ ಬರೆದರು. ಎರಡು ಚೀಟಿಗಳೂ ಡಬ್ಬ ಸೇರಿದವು. ತಿಂಗಳಿಗೊಮ್ಮೆ ಮೊಮ್ಮಗ ಎರಡನ್ನೂ ಅಂಗಡಿಗೆ ಒಯ್ಯುತ್ತಿದ್ದ. ಅಂಗಡಿಯವರು ಎರಡನ್ನೂ ಕೊಡುತ್ತಿದ್ದರು. ನಾಲ್ಕನೆಯ ತಿಂಗಳ ಹೊತ್ತಿಗೆ ತಾಯಿಯವರ ಪಾದ ಬಾತುಕೊಂಡಿತು, ಎದ್ದರೆ ತಲೆ ತಿರುಗತೊಡಗಿತು. ಒಂದು ಮುಂಜಾನೆ ಬಚ್ಚಲು ಮನೆಯ ಹೊಸ್ತಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೂಳೆಯ ಡಾಕ್ಟರು ಡಬ್ಬವನ್ನೇ ತರಿಸಿ ನೋಡಿದಾಗ ಗುಟ್ಟು ಬಯಲಾಯಿತು. ಹೆಸರು ಎರಡು, ಕಂಪನಿ ಎರಡು, ಬಣ್ಣ ಎರಡು. ಒಳಗಿನ ಔಷಧಿ ಮಾತ್ರ ಒಂದೇ. ತಾಯಿಯವರು ದಿನವೂ ಇಮ್ಮಡಿ ಪ್ರಮಾಣ ನುಂಗುತ್ತಿದ್ದರು.

"ಯಾಕಮ್ಮ, ಊರಿನ ಮಾತ್ರೆ ತಗೊಳ್ತಿದ್ದೀನಿ ಅಂತ ಇಲ್ಲಿನ ಡಾಕ್ಟ್ರಿಗೆ ಹೇಳಬಾರದಿತ್ತಾ?" ಎಂದು ಮಗ ಕೇಳಿದರಂತೆ. ಅದಕ್ಕೆ ಆ ತಾಯಿ, "ಅದು ನಮ್ಮೂರಿನ ಡಾಕ್ಟ್ರು ಕೊಟ್ಟಿದ್ದು ಕಣಪ್ಪ, ಇದು ಈ ಊರಿನವ್ರು ಕೊಟ್ಟಿದ್ದು. ದೊಡ್ಡೋರು, ಇಬ್ಬರ ಮಾತನ್ನೂ ಮೀರಬಾರದಲ್ಲ" ಎಂದರಂತೆ.

ತಪ್ಪು ಯಾರದು? ಇಬ್ಬರು ಡಾಕ್ಟರೂ ಸರಿಯಾದ ಮಾತ್ರೆಯನ್ನೇ ಬರೆದಿದ್ದರು. ಅಂಗಡಿಯವರು ಚೀಟಿಯಲ್ಲಿದ್ದುದನ್ನೇ ಕೊಟ್ಟಿದ್ದರು. ಮೊಮ್ಮಗ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡಿ ಒಬ್ಬ ಮುದುಕಿಯ ಕೈ ಮುರಿಯಿತು. ಹೀಗೇಕಾಯಿತು ಎಂದು ಯೋಚಿಸುತ್ತ ಹೋದಾಗ, ಅದೇ ಔಷಧಿಯನ್ನು ಮತ್ತೆ ಮತ್ತೆ ಕೊಳ್ಳುವ ಈ ಪದ್ಧತಿಗೂ ಒಂದು ಇತಿಹಾಸವಿದೆ, ಅದರ ನಡುವೆ ಎಲ್ಲೋ ಒಂದು ಗಂಟು ಬಿಚ್ಚಿಹೋಗಿದೆ ಎಂಬುದು ನಮಗೆ ಮನವರಿಕೆಯಾಯಿತು. ಆ ಗಂಟನ್ನು ಹುಡುಕುವುದೇ ಈ ಬರಹದ ಉದ್ದೇಶ.

ಮೊದಲಿಗೆ, ಚೀಟಿಯೇ ಇಲ್ಲದಿದ್ದ ಕಾಲವೊಂದಿತ್ತು. ನಮ್ಮ ದೇಶದ ವೈದ್ಯನು ರೋಗವನ್ನು ಅರಿತು, ಮೂಲಿಕೆಯನ್ನು ತಾನೇ ಆರಿಸಿ, ತಾನೇ ಕುಟ್ಟಿ, ಕುದಿಸಿ, ತನ್ನ ಕೈಯಾರೆ ಕೊಡುತ್ತಿದ್ದ. ಊಟಕ್ಕೆ ಮುಂಚೆಯೋ, ಊಟದ ನಡುವೆಯೋ, ಊಟವಾದ ಮೇಲೋ ಎಂದು ಔಷಧಿ ಸೇವಿಸುವ ಹತ್ತು ಕಾಲಗಳನ್ನು ಸುಶ್ರುತ ಸಂಹಿತೆ ಎಣಿಸಿ ಹೇಳಿದೆ. ಆದರೆ ಆ ಮಾತು ರೋಗಿಗೆ ತಲುಪುತ್ತಿದ್ದುದು ಬಾಯಿಂದ ಕಿವಿಗೆ. ಔಷಧಿ ತೀರಿದರೆ ಮತ್ತೆ ವೈದ್ಯನ ಜಗಲಿಗೇ ಹೋಗಬೇಕು. ಹೋದರೆ ಅವನು ಮತ್ತೆ ನಾಡಿ ಹಿಡಿಯುತ್ತಾನೆ, ನಾಲಗೆ ನೋಡುತ್ತಾನೆ. ಮರುಔಷಧಿಗೂ ಮರುನೋಟಕ್ಕೂ ನಡುವೆ ಅಂತರವೇ ಇರಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ಕಥೆಯೆಲ್ಲ ಈ ಎರಡೂ ಹೇಗೆ ಬೇರೆ ಬೇರೆಯಾದವು ಎಂಬುದೇ.

ವೈದ್ಯದ ಮಾತು ಬಂದಾಗ ಈ ಸೀಮೆಗೂ ಕನ್ನಡ ನಾಡಿಗೂ ಇರುವ ಒಂದು ಹಳೆಯ ನಂಟನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆವು. 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಮುನಿ ಉಗ್ರಾದಿತ್ಯಾಚಾರ್ಯನು, ತಾನು ಅದನ್ನು ಬರೆದದ್ದು ವೆಂಗಿಯ ಅರಸರ ತ್ರಿಕಲಿಂಗ ದೇಶದ ರಾಮಗಿರಿಯಲ್ಲಿ ಎಂದು ಹೇಳಿಕೊಂಡಿದ್ದಾನೆ. ಆ ರಾಮಗಿರಿಯನ್ನು ವಿಜಯನಗರಂ ಪಟ್ಟಣಕ್ಕೆ ಸಮೀಪದ ರಾಮತೀರ್ಥವೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಉಗ್ರಾದಿತ್ಯನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಆಹಾರ ಔಷಧಿಗಳ ಹಿತಾಹಿತವನ್ನು ಕುರಿತು ವಾದಿಸಿದನೆಂದೂ ಗ್ರಂಥವೇ ತಿಳಿಸುತ್ತದೆ. 'ಕವಿರಾಜಮಾರ್ಗ'ದ ಆ ನೃಪತುಂಗನೇ! ರಾಮತೀರ್ಥದ ಬೆಟ್ಟದ ಗುಹೆಯಲ್ಲಿ ಪೂರ್ವ ಚಾಲುಕ್ಯ ವಿಮಲಾದಿತ್ಯನ ಕಾಲದ ಕನ್ನಡ ಶಾಸನವೂ ಇದೆ. ಮುಂಜಾನೆ ಇಲ್ಲಿಂದ ಹೊರಟರೆ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ವೈದ್ಯವನ್ನು ಹೊತ್ತು ಈ ದಾರಿಯಲ್ಲಿ ನಡೆದವರಲ್ಲಿ ನಾವೇ ಮೊದಲಿಗರಲ್ಲ ಎಂಬ ಸಮಾಧಾನಕ್ಕಾದರೂ ಇದು ಸಾಕು.

ಚೀಟಿ ಹುಟ್ಟಿದ್ದು, ರೋಗ ನೋಡುವವನೂ ಔಷಧಿ ಮಾಡುವವನೂ ಬೇರೆಯಾದಾಗ. ಯೂರೋಪಿನಲ್ಲಿ 13ನೆಯ ಶತಮಾನದಲ್ಲಿಯೇ ಸಿಸಿಲಿಯ ದೊರೆ ಎರಡನೆಯ ಫ್ರೆಡರಿಕನು ಈ ಎರಡು ವೃತ್ತಿಗಳೂ ಒಬ್ಬನ ಕೈಯಲ್ಲಿರಬಾರದೆಂದು ಕಟ್ಟಳೆ ಮಾಡಿದ್ದ. ಅಲ್ಲಿಂದ ಮುಂದೆ ಡಾಕ್ಟರನು ಔಷಧಿ ಮಾಡುವವನಿಗೆ ಕಾಗದ ಬರೆಯಬೇಕಾಯಿತು. ಚೀಟಿಯ ತಲೆಯಲ್ಲಿ ಇಂದಿಗೂ ಕಾಣುವ, ಕಾಲಿಗೆ ಅಡ್ಡಗೆರೆ ಎಳೆದ ಆ ಅಕ್ಷರವಿದೆಯಲ್ಲ, ಅದು 'ರೆಸಿಪೆ' ಎಂಬ ಲ್ಯಾಟಿನ್ ಶಬ್ದದ ಸಂಕ್ಷೇಪ. 'ತೆಗೆದುಕೋ' ಎಂದು ಅದರ ಅರ್ಥ. ಯಾರಿಗೆ ಈ ಮಾತು? ರೋಗಿಗಲ್ಲ! 'ಇಂತಿಂಥ ದ್ರವ್ಯವನ್ನು ಇಷ್ಟಿಷ್ಟು ತೆಗೆದುಕೊಂಡು ಬೆರೆಸು' ಎಂದು ಔಷಧಿ ಮಾಡುವವನಿಗೆ ಕೊಟ್ಟ ಅಪ್ಪಣೆ ಅದು. ರೋಗಿ ಬರಿಯ ಓಲೆಕಾರ. ತನಗೆ ಬರೆಯದ ಓಲೆಯನ್ನು ಅವನು ಓದಬೇಕಾಗಿಯೂ ಇರಲಿಲ್ಲ. ಡಾಕ್ಟರ ಕೈಬರಹ ನಮಗೇಕೆ ತಿಳಿಯದು ಎಂಬ ಹಳೆಯ ದೂರಿಗೆ ಒಂದು ಉತ್ತರ ಇಲ್ಲಿಯೇ ಸಿಗುತ್ತದೆ.

ಇಂಗ್ಲಿಷರ ಆಳ್ವಿಕೆಯೊಡನೆ ಈ ಚೀಟಿ ನಮ್ಮಲ್ಲಿಗೂ ಬಂತು. ಆಗ ವಿಶಾಖಪಟ್ಟಣವೂ ಮಂಗಳೂರೂ ಬಳ್ಳಾರಿಯೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯ ಚೀಟಿಗೂ ಇಲ್ಲಿನ ಚೀಟಿಗೂ ಮೇಲಿನ ಸರ್ಕಾರ ಒಂದೇ ಆಗಿತ್ತು. 1923ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಕಿಂಗ್ ಜಾರ್ಜ್ ಆಸ್ಪತ್ರೆಯೂ ಅದೇ ವರ್ಷದ್ದು. ಆ ಕಾಲೇಜಿಗೆ 1940ರಲ್ಲಿ ಆಂಧ್ರ ವೈದ್ಯಕೀಯ ಕಾಲೇಜು ಎಂದು ಹೆಸರಾಯಿತು. ಮೈಸೂರು ಸೀಮೆಯಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿಯೇ ತೆರೆದಿತ್ತು. ಇಂಥ ದೊಡ್ಡ ಆಸ್ಪತ್ರೆಗಳಿಂದ ಹಿಡಿದು ತಾಲ್ಲೂಕಿನ ದವಾಖಾನೆಯವರೆಗೆ ಔಷಧಿ ಕೋಣೆಯ ಕಿಟಕಿಯ ಹಿಂದೆ ಇರುತ್ತಿದ್ದವರು ನಮ್ಮ ಕಾಂಪೌಂಡರು.

ಕಾಂಪೌಂಡರ ಕಾಲವನ್ನು ಕಂಡವರು ನಮ್ಮ ಸಂಘದಲ್ಲಿ ಇನ್ನೂ ಕೆಲವರಿದ್ದಾರೆ. ಸೀಸೆಯನ್ನು ಮನೆಯಿಂದಲೇ ತೊಳೆದು ಒಯ್ಯಬೇಕು. ಮರೆತು ಬಂದವನಿಗೆ "ಬಾಟ್ಲಿ ಎಲ್ಲಯ್ಯಾ?" ಎಂದು ಕಿಟಕಿಯಿಂದ ಗದರಿಕೆ. ಒಳಗೆ ದೊಡ್ಡ ಜಾಡಿಗಳಲ್ಲಿ ಕೆಂಪು, ಹಳದಿ, ಸುಣ್ಣದ ನೀರಿನಂಥ ಬಿಳಿ ಮಿಕ್ಸ್ಚರುಗಳು. ಅಳೆದು, ಸುರಿದು, ಬಿರಡೆ ಒತ್ತಿ, ಸೀಸೆಯ ಹೊಟ್ಟೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುವರು. ಒಂದೊಂದು ಹಲ್ಲೂ ಒಂದೊಂದು ವೇಳೆಯ ಔಷಧಿ. "ಚೆನ್ನಾಗಿ ಅಲ್ಲಾಡಿಸಿ ಕುಡೀಬೇಕು" ಎಂಬುದು ಅವರ ಕಡೆಯ ಮಾತು. ಅದೇ ಔಷಧಿಯನ್ನು ಮುಂದುವರಿಸಬೇಕಾದರೆ ಡಾಕ್ಟರು ಹಳೆಯ ಚೀಟಿಯ ಮೇಲೆ 'ರೆಪೆಟಾಟುರ್', ಎಂದರೆ 'ಮರಳಿ ಕೊಡತಕ್ಕದ್ದು' ಎಂಬ ಲ್ಯಾಟಿನ್ ಮಾತಿನ ಮೊದಲ ಮೂರಕ್ಷರ ಗೀಚಿ ತಾರೀಖು ಹಾಕುವರು. ನಮ್ಮವರ ಬಾಯಲ್ಲಿ ಅದು 'ರಿಪೀಟ್' ಆಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಮಿಕ್ಸ್ಚರು ಬಹಳ ದಿನ ನಿಲ್ಲುವ ವಸ್ತುವಲ್ಲ. ಎರಡು ಮೂರು ದಿನಕ್ಕೆ ಸೀಸೆ ಬರಿದಾಗುವುದು, ಬರಿದಾದರೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು, ನಿಂತರೆ ಡಾಕ್ಟರು ಮುಖ ನೋಡಿ "ಹ್ಯಾಗಿದೆ ಈಗ?" ಎಂದು ಕೇಳುವರು. ಬಾಯಿಬಿಟ್ಟು ಹೇಳದಿದ್ದರೂ ಸೀಸೆಯ ಗಾತ್ರವೇ ಮರುನೋಟವನ್ನು ಕಡ್ಡಾಯ ಮಾಡಿತ್ತು. ಚೀಟಿ ಬಂದು ವೈದ್ಯನೂ ಔಷಧಿಯೂ ಬೇರೆಯಾದರೂ, ಮರುಔಷಧಿ ಮರುನೋಟಗಳ ಗಂಟು ಇನ್ನೂ ಬಿಚ್ಚಿರಲಿಲ್ಲ.

ಆದರೆ ದವಾಖಾನೆಯ ಹೊರಗೆ, ಪೇಟೆಯಲ್ಲಿ, ಪರಿಸ್ಥಿತಿ ಬೇರೆಯಾಗಿತ್ತು. ವಿದೇಶದ ಔಷಧಿಗಳು ಯಾವ ಲಂಗುಲಗಾಮೂ ಇಲ್ಲದೆ ಬಂದು ಸುರಿಯುತ್ತಿದ್ದವು. ಮಲೇರಿಯಾಕ್ಕೆ ಕೊಡುವ ಕ್ವಿನೈನಿನಲ್ಲಿಯೇ ಕಲಬೆರಕೆ ಎಂಬ ದೂರು ದೇಶದ ತುಂಬ ಎದ್ದಿತ್ತು. 1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಮರುವರ್ಷ ವರದಿ ಬಂತು. ವರದಿ ಕಾನೂನಾಗಲು ಒಂಬತ್ತು ವರ್ಷ ಬೇಕಾಯಿತು. 1940ರಲ್ಲಿ ಔಷಧಿ ಶಾಸನ, 1945ರಲ್ಲಿ ಅದರ ನಿಯಮಾವಳಿ, 1948ರಲ್ಲಿ ಫಾರ್ಮಸಿ ಶಾಸನ. 1962ರ ತಿದ್ದುಪಡಿಯಿಂದ ಮೊದಲನೆಯದರ ವ್ಯಾಪ್ತಿಗೆ ಕಾಂತಿವರ್ಧಕ ವಸ್ತುಗಳೂ ಸೇರಿ, ಶಾಸನದ ಹೆಸರೂ ಹಾಗೆಯೇ ಬದಲಾಯಿತು. ನಮ್ಮ ಬಿಸ್ಕತ್ತು ಡಬ್ಬದ ಚೀಟಿಗಳನ್ನು ಇಂದಿಗೂ ಆಳುತ್ತಿರುವುದು ಇದೇ ಕಾನೂನು.

ಈ ನಿಯಮಾವಳಿಯ 65ನೆಯ ನಿಯಮವನ್ನು ನಮ್ಮಲ್ಲಿ ಓದಿದವರು ಬಹಳ ಕಡಿಮೆ. ಓದಿದರೆ ಆಶ್ಚರ್ಯವಾಗುತ್ತದೆ. ಚೀಟಿಯಲ್ಲಿ ಡಾಕ್ಟರ ಸಹಿ, ತಾರೀಖು, ರೋಗಿಯ ಹೆಸರು ವಿಳಾಸ, ಒಟ್ಟು ಎಷ್ಟು ಔಷಧಿ ಕೊಡಬೇಕು, ಒಂದು ವೇಳೆಗೆ ಎಷ್ಟು ತೆಗೆದುಕೊಳ್ಳಬೇಕು, ಇಷ್ಟೂ ಇರಬೇಕು. ಆಮೇಲಿನ ಮಾತು ನಮಗೆ ಮುಖ್ಯವಾದದ್ದು. ಮತ್ತೆ ಕೊಡಬಹುದೆಂದು ಡಾಕ್ಟರು ಚೀಟಿಯ ಮೇಲೆ ಬರೆದಿಲ್ಲದಿದ್ದರೆ, ಆ ಚೀಟಿಗೆ ಒಂದು ಸಲಕ್ಕಿಂತ ಹೆಚ್ಚು ಔಷಧಿ ಕೊಡುವಂತಿಲ್ಲ. ಇಷ್ಟು ಸಲ, ಇಷ್ಟು ದಿನಕ್ಕೊಮ್ಮೆ ಎಂದು ಬರೆದಿದ್ದರೆ ಅದರಂತೆಯೇ ಕೊಡಬೇಕು. ಕೊಟ್ಟಾಗಲೆಲ್ಲ ಅಂಗಡಿಯ ಹೆಸರು, ವಿಳಾಸ, ಕೊಟ್ಟ ತಾರೀಖುಗಳನ್ನು ಚೀಟಿಯ ಮೇಲೆ, ಡಾಕ್ಟರ ಸಹಿಗೆ ಮೇಲುಗಡೆ, ನಮೂದಿಸಬೇಕು. ಬರೆದ ಔಷಧಿಗೆ ಬದಲಾಗಿ ಅಂಗಡಿಯವರು ತಾವಾಗಿ ಬೇರೊಂದನ್ನು ಕೊಡಕೂಡದೆಂಬ ನಿಯಮವೂ ಅಲ್ಲಿಯೇ ಇದೆ. ಮಾತ್ರೆಯ ಪಟ್ಟಿಯ ಮೇಲೆ 'ಷೆಡ್ಯೂಲ್ ಎಚ್' ಎಂದು ಎಚ್ಚರಿಕೆ ಮುದ್ರಿಸಿರುತ್ತಾರಲ್ಲ, ಅಂಥ ಔಷಧಿಗಳಿಗೆಲ್ಲ ಇದು ಅನ್ವಯಿಸುತ್ತದೆ. 2014ರ ಮಾರ್ಚಿನಿಂದ ಜಾರಿಗೆ ಬಂದ 'ಎಚ್-1' ಪಟ್ಟಿಯ ಔಷಧಿಗಳಿಗಂತೂ ಅಂಗಡಿಯವರು ಪ್ರತ್ಯೇಕ ದಾಖಲೆ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ಅಂದರೆ ಸೀಸೆಯ ಗಾತ್ರ ಮಾಡುತ್ತಿದ್ದ ಕೆಲಸವನ್ನು ಕಾನೂನು ಒಂದು ಸಾಲಿನಿಂದ ಮಾಡಿಸಲು ಹೊರಟಿತು. 'ಇಷ್ಟು ಸಲ ಕೊಡಬಹುದು. ಆಮೇಲೆ ನನ್ನ ಬಳಿಗೆ ಕಳುಹಿಸು' ಎಂಬುದು ಆ ಸಾಲಿನ ಒಳ ಅರ್ಥ. ಬೇರೆ ದೇಶಗಳೂ ಹೀಗೆಯೇ ನಡೆದವು. ಡಾಕ್ಟರ ಅಪ್ಪಣೆಯಿಲ್ಲದೆ ಚೀಟಿಯನ್ನು ಮತ್ತೆ ಭರ್ತಿ ಮಾಡಕೂಡದೆಂದು ಅಮೆರಿಕ 1951ರಲ್ಲಿ ತಿದ್ದುಪಡಿ ತಂದಿತು. ನಮ್ಮ ಕಾನೂನಿಗೆ ಅಷ್ಟು ಹೊತ್ತಿಗೆ ಹಲ್ಲು ಹುಟ್ಟಿತ್ತು. ಕಚ್ಚಿತೇ ಎಂಬುದು ಬೇರೆ ಪ್ರಶ್ನೆ.

ಕಚ್ಚಲಿಲ್ಲ ಎಂಬುದಕ್ಕೆ ಕಾರಣ ಬರಿಯ ಉದಾಸೀನವಲ್ಲ. ರೋಗಗಳೂ ಔಷಧಿಗಳೂ ಬದಲಾದವು. ಕಾಂಪೌಂಡರ ಕಾಲದ ರೋಗಗಳು ಬಹುಪಾಲು ಬಂದು ಹೋಗುವಂಥವು: ಜ್ವರ, ಭೇದಿ, ಕೆಮ್ಮು. ವಾಸಿಯಾಗುತ್ತಿತ್ತು, ಇಲ್ಲವೇ ಮನುಷ್ಯ ಹೋಗುತ್ತಿದ್ದ. 1922ರಲ್ಲಿ ಕೆನಡದ ಟೊರಾಂಟೊದಲ್ಲಿ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದಾಗ, ಬದುಕಿರುವತನಕ ನಿಲ್ಲಿಸಲಾಗದ ಔಷಧಿ ಎಂಬ ಹೊಸ ವಿಚಾರವೂ ಲೋಕಕ್ಕೆ ಬಂತು. 1950ರ ದಶಕದ ಕೊನೆಯ ವೇಳೆಗೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಕ್ಲೋರೊಥಯಜೈಡ್ ಮಾತ್ರೆಗಳು, 1960ರ ದಶಕದಲ್ಲಿ ಪ್ರೊಪ್ರನೊಲಾಲ್, ಹೀಗೆ ಸಾಲುಸಾಲಾಗಿ ಬಂದವು. ಮಿಕ್ಸ್ಚರು ಹೋಗಿ, ವರ್ಷಗಟ್ಟಲೆ ಕೆಡದ ಮಾತ್ರೆಯ ಪಟ್ಟಿ ಬಂತು. ಸೀಸೆಯ ಗಡುವು ಇಲ್ಲವಾಯಿತು. ರೋಗಿಗೆ ನೋವಿಲ್ಲ, ಜ್ವರವಿಲ್ಲ. ಮಾತ್ರೆ ಮಾತ್ರ ದಿನವೂ ಬೇಕು. ಅಂಥವನು ಫೀಜು ಕೊಟ್ಟು, ಅರ್ಧ ದಿನದ ರಜೆ ಹಾಕಿ, ಡಾಕ್ಟರ ಮುಂದೆ ಏಕೆ ಕೂರುತ್ತಾನೆ? ಹಳೆಯ ಚೀಟಿ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಕೆಲವು ದಿನದ ಮೇಲೆ ಚೀಟಿಯೂ ಬೇಡ, ಖಾಲಿ ಪಟ್ಟಿ ತೋರಿಸಿದರೆ ಸಾಕು. ಗಂಟು ಬಿಚ್ಚಿಹೋದದ್ದು ಇಲ್ಲಿ.

ಇಂಗ್ಲೆಂಡಿನಲ್ಲಿ ಈ ಗಂಟನ್ನು ಉಳಿಸಿಕೊಳ್ಳಲು ಒಂದು ಏರ್ಪಾಡು ಬೆಳೆಯಿತು. 1948ರ ಜುಲೈ 5ರಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗಿನಿಂದ ಪ್ರತಿ ಮನೆಯವರ ಹೆಸರೂ ಬಡಾವಣೆಯ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ದಾಖಲಾಗಿರುತ್ತದೆ. ದಿನವೂ ಬೇಕಾಗುವ ಔಷಧಿಗಳ ಪಟ್ಟಿ ಆ ಕ್ಲಿನಿಕ್ಕಿನ ಕಡತದಲ್ಲಿಯೇ ಇರುತ್ತದೆ. ತೀರುವ ಮುಂಚೆ ಪಟ್ಟಿಯ ಪ್ರತಿಯಲ್ಲಿ ಬೇಕಾದುದಕ್ಕೆ ಗುರುತು ಹಾಕಿ ಕ್ಲಿನಿಕ್ಕಿನ ಪೆಟ್ಟಿಗೆಗೆ ಹಾಕಿದರೆ, ಕೆಲವು ದಿನದಲ್ಲಿ ಡಾಕ್ಟರು ಸಹಿ ಮಾಡಿದ ಚೀಟಿ ಸಿದ್ಧ. ಈಗ ಅದು ಬಹುಮಟ್ಟಿಗೆ ಕಂಪ್ಯೂಟರಿನಲ್ಲಿಯೇ ನೇರವಾಗಿ ಔಷಧಿ ಅಂಗಡಿಗೆ ಹೋಗುತ್ತದೆ. ಆದರೆ ಗೊತ್ತಾದ ಅವಧಿ ಮುಗಿದ ಮೇಲೆ ಡಾಕ್ಟರು ರೋಗಿಯನ್ನು ಮತ್ತೆ ಪರಿಶೀಲಿಸುವುದು ಈ ಏರ್ಪಾಡಿನ ಭಾಗವೇ ಆಗಿದೆ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು "ನಾಲ್ಕು ದಿನ ಮುಂಚೆಯೇ ಹೇಳಬೇಕಮ್ಮ, ಇಲ್ಲಿ ಬೇಕೆಂದಾಗ ಕೊಡೋದಿಲ್ಲ" ಎಂದು ಗೊಣಗುತ್ತಾರೆ. ಗೊಣಗಲಿ, ಒಬ್ಬರ ಔಷಧಿಗಳೆಲ್ಲ ಒಂದೇ ಹಾಳೆಯಲ್ಲಿ ಇರುವ ಭಾಗ್ಯ ಎಂಥದೆಂದು ದಾವಣಗೆರೆಯ ಆ ತಾಯಿಯವರನ್ನು ಕೇಳಬೇಕು.

ಅಂಥ ಹಾಳೆ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ವಿಶಾಖಪಟ್ಟಣಕ್ಕೆ ಬಂದ ನಮ್ಮವರಲ್ಲಿ ಬಹಳ ಜನ ರೈಲ್ವೆ, ಬಂದರು, ಹಡಗು ಕಟ್ಟೆ, ನೌಕಾಪಡೆ, ಉಕ್ಕಿನ ಕಾರ್ಖಾನೆಗಳಿಗೆ ನೌಕರಿಗೆಂದು ಬಂದವರು. ಈ ಸಂಸ್ಥೆಗಳು ನೌಕರರಿಗಾಗಿ ತಮ್ಮದೇ ಆಸ್ಪತ್ರೆ, ದವಾಖಾನೆಗಳನ್ನು ನಡೆಸಿಕೊಂಡು ಬಂದಿವೆ. ಕೇಂದ್ರ ಸರ್ಕಾರದ ನೌಕರರ ಆರೋಗ್ಯ ಯೋಜನೆ 1954ರಲ್ಲಿ ದೆಹಲಿಯಲ್ಲಿ ಆರಂಭವಾದದ್ದು, ಕಾರ್ಮಿಕರ ಇ.ಎಸ್.ಐ. ಯೋಜನೆ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ. ಇಂಥ ಕಡೆಗಳಲ್ಲಿ ಪುಸ್ತಕ ಒಂದು, ಕಿಟಕಿ ಒಂದು. ತಿಂಗಳ ಔಷಧಿ ಪಡೆದದ್ದಕ್ಕೆ ಅದರಲ್ಲಿಯೇ ಗುರುತು. ಸಾಲು ಉದ್ದವೆಂದು ನಾವೆಲ್ಲ ಬೈದುಕೊಂಡವರೇ. ಆದರೆ ನಿವೃತ್ತಿಯ ಮೇಲೆ ಆ ಪುಸ್ತಕವನ್ನು ಬಿಟ್ಟು ಮನೆಯ ಹತ್ತಿರದ ಕ್ಲಿನಿಕ್ಕುಗಳಿಗೆ ಹೋಗತೊಡಗಿದಾಗ ಒಂದು ಪುಸ್ತಕದ ಜಾಗದಲ್ಲಿ ಹತ್ತು ಚೀಟಿಗಳಾದವು. ಮಂಡಿಗೆ ಒಬ್ಬರು, ಎದೆಗೆ ಒಬ್ಬರು, ಸಕ್ಕರೆಗೆ ಒಬ್ಬರು. ಮೇಲೆ ಹೇಳಿದಂತೆ ಊರಿನವರೂ ಒಬ್ಬರು.

ಹಳ್ಳಿಗಳ ಕಡೆ ನೋಡಿದರೆ ಈ ರಾಜ್ಯದಲ್ಲಿ ಒಂದು ಒಳ್ಳೆಯ ಪ್ರಯತ್ನ ನಡೆದಿದೆ. ಅವಿಭಕ್ತ ಆಂಧ್ರಪ್ರದೇಶದಲ್ಲಿ 2008ರ ಸುಮಾರಿಗೆ '104' ವಾಹನಗಳು ತಿಂಗಳಿಗೊಮ್ಮೆ ಗೊತ್ತಾದ ದಿನ ಹಳ್ಳಿಗೆ ಹೋಗಿ, ಒತ್ತಡ ಸಕ್ಕರೆಗಳನ್ನು ನೋಡಿ, ತಿಂಗಳ ಮಾತ್ರೆ ಕೊಡುವ ಪದ್ಧತಿ ಆರಂಭವಾಯಿತು. 2020ರ ಜುಲೈ 1ರಂದು ವಿಜಯವಾಡದಲ್ಲಿ '108' ಮತ್ತು '104' ಸೇವೆಗಳ 1,088 ಹೊಸ ವಾಹನಗಳಿಗೆ ಒಟ್ಟಿಗೆ ಚಾಲನೆ ಕೊಟ್ಟರು. 2023ರ ಏಪ್ರಿಲಿನಲ್ಲಿ, ಡಾಕ್ಟರೇ ವಾಹನದೊಡನೆ ಹಳ್ಳಿಗೆ ಹೋಗುವ 'ಫ್ಯಾಮಿಲಿ ಡಾಕ್ಟರ್' ಏರ್ಪಾಡು ವಿಧ್ಯುಕ್ತವಾಗಿ ಆರಂಭವಾಯಿತು. ತಮಿಳುನಾಡಿನಲ್ಲಿ ಮಾತ್ರೆಗಳನ್ನು ಮನೆಬಾಗಿಲಿಗೆ ಒಯ್ಯುವ ಯೋಜನೆ 2021ರ ಆಗಸ್ಟಿನಲ್ಲಿ ಮೊದಲಾದದ್ದು, ಕನ್ನಡ ಮಾತನಾಡುವವರು ಬಹಳವಿರುವ ಕೃಷ್ಣಗಿರಿ ಜಿಲ್ಲೆಯಲ್ಲಿಯೇ. ಕರ್ನಾಟಕದ 'ಗೃಹ ಆರೋಗ್ಯ' 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಹೊರಟಿತು. ಇವೆಲ್ಲವುಗಳ ಹಿಂದೆ ಇರುವುದು ಒಂದೇ ತತ್ತ್ವ: ಮಾತ್ರೆ ಹೋಗುವಾಗ ನೋಡುವ ಕಣ್ಣೂ ಜೊತೆಗೆ ಹೋಗಬೇಕು.

ಪಟ್ಟಣದ ನಮಗೆ ಇದರ ಬೆಲೆ ತಿಳಿದದ್ದು 2020ರ ಮಾರ್ಚಿನಲ್ಲಿ. ಊರೆಲ್ಲ ಬಾಗಿಲು ಹಾಕಿತು. ರೈತು ಬಜಾರಿನಲ್ಲಿ ತರಕಾರಿಗೆ ಸುಣ್ಣದ ವೃತ್ತದಲ್ಲಿ ನಿಂತೆವು. ಮಾತ್ರೆಗೆ ಎಲ್ಲಿ ನಿಲ್ಲುವುದು? ಕ್ಲಿನಿಕ್ಕುಗಳು ಮುಚ್ಚಿದ್ದವು. ಊರಿನ ಡಾಕ್ಟರ ಬಳಿಗೆ ಹೋಗಲು ರೈಲಿಲ್ಲ. ಆಗ, ಮಾರ್ಚ್ 25ರಂದು, ದೂರದಿಂದಲೇ ರೋಗಿಯನ್ನು ನೋಡಿ ಔಷಧಿ ಬರೆಯುವುದಕ್ಕೆ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಮೊದಲು ಎದುರಿನಲ್ಲಿ ನೋಡಿದ್ದ ರೋಗಿಗೆ ಅದೇ ಕಾಯಿಲೆಯ ಔಷಧಿಯನ್ನು ಮುಂದುವರಿಸಿ ಬರೆಯಲು ಅದರಲ್ಲಿ ಅವಕಾಶ ಸಿಕ್ಕಿತು. ಮರುದಿನವೇ, ಚೀಟಿಯ ಆಧಾರದ ಮೇಲೆ ಮನೆಗೆ ಔಷಧಿ ತಲುಪಿಸಲು ಅಂಗಡಿಗಳಿಗೆ ಅನುಮತಿ ಬಂತು. ದೀರ್ಘಕಾಲದ ಕಾಯಿಲೆಯ ಚೀಟಿಯಾದರೆ ಬರೆದ 30 ದಿನದೊಳಗೆ ಅಂಗಡಿಗೆ ಕೊಡಬೇಕೆಂದು ಅದರಲ್ಲಿ ಷರತ್ತಿತ್ತು. ಆರು ವರ್ಷದ ಹಿಂದಿನ ಟೇಪು ಹಚ್ಚಿದ ಚೀಟಿ ಹಿಡಿದುಕೊಂಡಿದ್ದ ನಮ್ಮಲ್ಲಿ ಎಷ್ಟೋ ಜನ ಆಗ ಮುಖ ಮುಖ ನೋಡಿಕೊಂಡೆವು. ಚೀಟಿಗೂ ಆಯುಸ್ಸು ಇದೆ ಎಂಬುದು ಹೊಳೆದದ್ದು ಅಂದು.

ಇಷ್ಟು ಇತಿಹಾಸ ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುವುದು ಒಳ್ಳೆಯದು. ಕಾನೂನು ಸರಿಯಾಗಿದೆ, ಅಂಗಡಿಯವರೊಡನೆ ಜಗಳಕ್ಕೆ ನಿಂತು ಪ್ರಯೋಜನವಿಲ್ಲ. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿಕೊಳ್ಳಬೇಕಾದವರು ನಾವೇ. ಏಕೆಂದರೆ ಎರಡು ರಾಜ್ಯಗಳಲ್ಲಿ, ಎರಡು ಭಾಷೆಗಳಲ್ಲಿ, ನಾಲ್ಕಾರು ಡಾಕ್ಟರುಗಳಲ್ಲಿ ಹಂಚಿಹೋಗಿರುವ ಚೀಟಿಗಳೆಲ್ಲವನ್ನೂ ಒಟ್ಟಿಗೆ ನೋಡಬಲ್ಲವರು ರೋಗಿ ಮತ್ತು ರೋಗಿಯ ಮನೆಯವರು ಮಾತ್ರ. ಹಿಂದೆ ರೋಗಿ ಓಲೆಕಾರನಾಗಿದ್ದರೆ ಸಾಕಿತ್ತು. ಈಗ ಅವನು ಶಾನುಭೋಗನೂ ಆಗಬೇಕು.

ಶಾನುಭೋಗಿಕೆ ಕಷ್ಟದ್ದೇನಲ್ಲ. ಮನೆಯ ಹತ್ತಿರದ ಒಬ್ಬ ಡಾಕ್ಟರನ್ನು ಎಲ್ಲಕ್ಕೂ ಮೂಲವೆಂದು ಇಟ್ಟುಕೊಳ್ಳಬೇಕು. ಬೇರೆ ತಜ್ಞರು ಬರೆದದ್ದನ್ನೂ ಅವರಿಗೆ ತೋರಿಸಬೇಕು. ಒಂದು ಹಾಳೆಯಲ್ಲಿ ತೆಗೆದುಕೊಳ್ಳುವ ಔಷಧಿಗಳೆಲ್ಲವನ್ನೂ ಬರೆಯಬೇಕು. ಕಂಪನಿಯ ಹೆಸರಿನ ಜೊತೆಗೆ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನೂ ಬರೆಯುವುದು ಮುಖ್ಯ. ಆ ಒಂದು ಹೆಸರನ್ನು ಯಾರಾದರೂ ಓದಿದ್ದರೆ ಆ ತಾಯಿಯವರ ಕೈ ಉಳಿಯುತ್ತಿತ್ತು. ಮೂಲ ಹೆಸರಿನಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2002ರಲ್ಲಿಯೇ ಹೇಳಿತು. ಓದುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ತಿದ್ದುಪಡಿಯೂ ಆಯಿತು. ಆದ್ದರಿಂದ ಕೇಳುವುದಕ್ಕೆ ಸಂಕೋಚ ಬೇಡ.

ಡಾಕ್ಟರ ಮುಂದಿನಿಂದ ಏಳುವ ಮೊದಲು ಇನ್ನೊಂದು ಮಾತು ಕೇಳಿಕೊಳ್ಳಬೇಕು: "ಇದನ್ನು ಎಷ್ಟು ತಿಂಗಳು ರಿಪೀಟ್ ಮಾಡಬಹುದು, ಮತ್ತೆ ಯಾವಾಗ ಬರಲಿ ಅಂತ ಚೀಟಿಯಲ್ಲೇ ಬರೆದುಕೊಡಿ." ತೆಲುಗು ಬಾರದವರೂ ಇದಕ್ಕೆ ಅಂಜಬೇಕಾದ್ದಿಲ್ಲ, ನಮ್ಮ 'ಮದ್ದು' ಅವರ 'ಮಂದು', ನಡುವೆ ಇರುವುದು ಒಂದು ಸೊನ್ನೆ ಮಾತ್ರ. ಅಂಗಡಿಯಲ್ಲಿ ಪ್ರತಿ ಸಲವೂ ಚೀಟಿಗೆ ಮೊಹರು, ತಾರೀಖು ಹಾಕಿಸಿಕೊಳ್ಳಬೇಕು. ಹೊಸ ಚೀಟಿ ಬಂದ ದಿನ ಹಳೆಯದರ ಮೇಲೆ ಅಡ್ಡಗೆರೆ ಎಳೆದುಬಿಡಬೇಕು. ಮಾತ್ರೆ ತೀರುವುದಕ್ಕೆ ಒಂದು ವಾರ ಮುಂಚೆಯೇ ಎಚ್ಚರಗೊಳ್ಳಬೇಕು; ದಸರೆಗೋ ದೀಪಾವಳಿಗೋ ಊರಿಗೆ ಹೊರಡುವಾಗ ಮಾತ್ರೆಯ ಜೊತೆಗೆ ಆ ಹಾಳೆಯೂ ಚೀಲದಲ್ಲಿರಬೇಕು. ಇದನ್ನೆಲ್ಲ ಓದಿ ಹೆದರಿಕೊಂಡು ಮಾತ್ರೆಯನ್ನೇ ನಿಲ್ಲಿಸಿಬಿಡುವವರೂ ಇದ್ದಾರು. ಹಾಗೆ ಮಾಡಕೂಡದು. ಒತ್ತಡ, ಸಕ್ಕರೆ, ಅಪಸ್ಮಾರ ಮೊದಲಾದವುಗಳ ಔಷಧಿಯನ್ನು ತಾನಾಗಿ ನಿಲ್ಲಿಸುವುದು ಇಮ್ಮಡಿ ನುಂಗುವುದಕ್ಕಿಂತ ಕಡಿಮೆಯ ಅಪಾಯವೇನಲ್ಲ.

ಆ ತಾಯಿಯವರ ಮಣಿಕಟ್ಟು ಈಗ ಕೂಡಿಕೊಂಡಿದೆ. ರೊಟ್ಟಿ ತಟ್ಟುವಾಗ ಮಾತ್ರ ಸ್ವಲ್ಪ ನೋವಂತೆ. ಮೊನ್ನೆ ಅವರ ಮನೆಗೆ ಹೋಗಿದ್ದಾಗ ಬಿಸ್ಕತ್ತಿನ ಡಬ್ಬವನ್ನು ನೋಡಿದೆವು. ಮುಚ್ಚಳದ ಒಳಮೈಗೆ ಮೊಮ್ಮಗ ಒಂದು ಹಾಳೆ ಅಂಟಿಸಿದ್ದಾನೆ. ಮೂರು ಮಾತ್ರೆ, ಮೂರು ಹೆಸರು, ಮುಂದೆ ಡಾಕ್ಟರಿಗೆ ತೋರಿಸಬೇಕಾದ ತಾರೀಖು, ಎಲ್ಲವೂ ಕನ್ನಡದಲ್ಲಿ, ಅಜ್ಜಿ ಓದುವಷ್ಟು ದಪ್ಪ ಅಕ್ಷರದಲ್ಲಿ. ಇಲ್ಲಿಯ ಶಾಲೆಯಲ್ಲಿ ತೆಲುಗು, ಇಂಗ್ಲಿಷು ಕಲಿಯುವ ಹುಡುಗ; ಕನ್ನಡ ಅಕ್ಷರವನ್ನು ಅಜ್ಜಿಯೇ ಹೇಳಿಕೊಟ್ಟು ಬರೆಸಿದರಂತೆ. ಒಂದೆರಡು ಕಡೆ ಒತ್ತು ತಪ್ಪಿತ್ತು. ಔಷಧಿ ಮಾತ್ರ ತಪ್ಪಿರಲಿಲ್ಲ.